ಮಳೆ ಅಂತ ಬರೆದ್ರೆ ಕ್ಲೈಮ್ ಆಗಲ್ಲ: ಕೊಡಗಿನ ಕಂಟ್ರಾಕ್ಟರ್‌ಗಳು ಶೆಡ್ಯೂಲ್ ಅಪ್ಡೇಟ್ ಮಾಡ್ತಾ ಹೋಗೋದು ಹೇಗೆ

ಕೊಡಗಲ್ಲಿ ಸರ್ಕಾರಿ ಕೆಲಸ ಹಿಡಿದೋರು ಟೈಮ್ ಎಕ್ಸ್‌ಟೆನ್ಷನ್ ಕೇಳೋಕೆ ಹೋದಾಗ ಕಾರಣದ ಕಾಲಂನಲ್ಲಿ ಬರೆಯೋದು ಒಂದೇ, "ವಿಪರೀತ ಮಳೆ". ಆ ಕಡೆ ಕೂತಿರೋ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಅದನ್ನ ಓದಿ ಕೇಳೋದೂ ಒಂದೇ, "ಅಲ್ಲಾ ಮಾರಾಯ್ರೇ, ಜೂನಲ್ಲಿ ಮಡಿಕೇರೀಲಿ ಮಳೆ ಬರುತ್ತೆ ಅಂತ ಟೆಂಡರ್ ಹಾಕುವಾಗ ಗೊತ್ತಿರ್ಲಿಲ್ವಾ?" ಸಾಹೇಬ್ರ ಪ್ರಶ್ನೇಲಿ ತಪ್ಪೇನಿಲ್ಲ. ಪ್ರತಿ ವರ್ಷ ಬರೋ ಮಳೆಗೆ ಯಾರೂ ಎಕ್ಸ್‌ಟ್ರಾ ದಿನ ಕೊಡಲ್ಲ, ದುಡ್ಡಂತೂ ಕೊಡೋದೇ ಇಲ್ಲ.

ಆದ್ರೆ ನಿಜವಾದ ಕ್ಲೈಮ್ ಆ ಮಳೆಯ ಹಿಂದೆ ಇರುತ್ತೆ. ಡಿಸೆಂಬರಲ್ಲಿ ಸಿಗಬೇಕಿದ್ದ ಜಾಗ ಫೆಬ್ರವರೀಲಿ ಸಿಕ್ತು, ಆ ಲೇಟು ನಿಮ್ಮ ಕೆಲಸವನ್ನ ತಳ್ಕೊಂಡು ಹೋಗಿ ಮಳೆಗಾಲದೊಳಗೆ ಹಾಕ್ತು, ಇದು ವಿಷಯ. ಇದನ್ನ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ, ತಿಂಗಳು ತಿಂಗಳು ಅಪ್ಡೇಟ್ ಮಾಡಿ ಇಲಾಖೆಗೆ ಕೊಟ್ಟು ಸೀಲ್ ಹಾಕಿಸ್ಕೊಂಡ ಶೆಡ್ಯೂಲ್ ಇದ್ರೆ ಮಾತ್ರ ತೋರಿಸೋಕಾಗುತ್ತೆ.

ಮೊದಲು ಲೆಕ್ಕ ನೋಡೋಣ

ಮಾದಾಪುರದ ಕಡೆ ಒಂದು ರಸ್ತೆ ಕೆಲಸ ಅಂತ ಉದಾಹರಣೆಗೆ ಇಟ್ಕೊಳ್ಳಿ. ಮರ ತೆರವು ಮಾಡಿ ಡಿಸೆಂಬರ್ 31ಕ್ಕೆ ಜಾಗ ಕೊಡ್ಬೇಕಿರೋದು ಇಲಾಖೆ. ಜನವರಿ 1ರಿಂದ ಫೆಬ್ರವರಿ 10ರ ತನಕ ಬರೆ, ಅಂದ್ರೆ ರಸ್ತೆ ಪಕ್ಕದ ಮಣ್ಣಿನ ದಿಬ್ಬ, ಕಡಿಯೋ ಕೆಲಸ, ಒಟ್ಟು 41 ದಿನ. ಫೆಬ್ರವರಿ 11ರಿಂದ ಮೇ 20ರ ತನಕ ತಡೆಗೋಡೆ, 99 ದಿನ. ಮಳೆ ಶುರುವಾಗೋ ಮುಂಚೆ ಗೋಡೆ ಎದ್ದು ಹಿಂದೆ ಮಣ್ಣು ತುಂಬಿ ಆಗಿರುತ್ತೆ, ಪ್ಲಾನ್ ಸರಿಯಾಗೇ ಇದೆ.

ಈಗ ಮರ ಕಡಿಯೋ ಅನುಮತಿ ಬಂದು ಜಾಗ ಸಿಕ್ಕಿದ್ದು ಫೆಬ್ರವರಿ 15ಕ್ಕೆ. 46 ದಿನ ಲೇಟು. ಬರೆ ಕಡಿಯೋದು ಮಾರ್ಚ್ 28ಕ್ಕೆ ಮುಗೀತು, ಗೋಡೆ ಮಾರ್ಚ್ 29ಕ್ಕೆ ಶುರು, ಮೇ 31ಕ್ಕೆ 64 ದಿನದ ಕೆಲಸ ಆಯ್ತು, ಇನ್ನೂ 35 ದಿನದ್ದು ಬಾಕಿ. ಜೂನಿಂದ ಸೆಪ್ಟೆಂಬರ್ ತನಕ ಆ ಇಳಿಜಾರಲ್ಲಿ ಫೌಂಡೇಶನ್ ತೆಗೆಯೋಕೆ ಯಾವ ಬುದ್ಧಿ ಇರೋ ಮೇಸ್ತ್ರಿನೂ ಇಳಿಯಲ್ಲ. ಅಕ್ಟೋಬರ್ 1ಕ್ಕೆ ಮತ್ತೆ ಶುರು ಮಾಡಿದ್ರೆ ಮುಗಿಯೋದು ನವೆಂಬರ್ 4. ಮೇ 20 ಎಲ್ಲಿ ನವೆಂಬರ್ 4 ಎಲ್ಲಿ, ಒಟ್ಟು 168 ದಿನ! ಮಳೇಲಿ ಬರೆ ಜರಿದು ತೆಗೆದ ಗುಂಡಿ ಮುಚ್ಚಿಹೋದ್ರೆ ಅದು ಬೇರೆ ಲೆಕ್ಕ.

ಇಲಾಖೆಯೋರು "46 ದಿನ ತಾನೇ ಲೇಟಾಗಿದ್ದು, 46 ದಿನ ತಗೊಳ್ಳಿ" ಅಂತಾರೆ. ಉಳಿದ 122 ದಿನ ನಿಮ್ಮ ತಲೆ ಮೇಲೆ, ಅದರ ಜೊತೆ ದಂಡ. ಬಯಲುಸೀಮೇಲಿ ಕೆಲಸ ಮಾಡೋರಿಗೆ 46 ದಿನದ ಲೇಟು ಹೆಚ್ಚುಕಮ್ಮಿ 46 ದಿನವೇ, ನಮ್ಮಲ್ಲಿ ಹಾಗಲ್ಲ, ಒಣಗಾಲದ ಒಂದು ವಾರ ತಪ್ಪಿದ್ರೆ ಅದು ವಾಪಸ್ ಬರೋದು ಅಕ್ಟೋಬರಲ್ಲಿ, ಕಾವೇರಿ ಸಂಕ್ರಮಣದ ಹೊತ್ತಿಗೆ.

ಬೇಸ್‌ಲೈನ್‌ನಲ್ಲೇ ಕೊಡಗನ್ನ ಸೇರಿಸಿ

ವರ್ಕ್ ಆರ್ಡರ್ ಸಿಕ್ಕಿದ ಮೇಲೆ ಕೊಡೋ ಮೊದಲ ಪ್ರೋಗ್ರಾಂಗೇ ಬೇಸ್‌ಲೈನ್ ಅನ್ನೋದು. ಅದನ್ನ ತುಂಬಾ ಜನ ಯಾರೋ ಹುಡುಗನ ಕೈಲಿ ಎಕ್ಸೆಲ್‌ನಲ್ಲಿ ಬಣ್ಣದ ಪಟ್ಟಿ ಎಳೆಸಿ ಕೊಟ್ಟು ಕೈ ತೊಳ್ಕೊಳ್ತಾರೆ. ಆ ಪಟ್ಟೀಲಿ ಒಂದು ಕೆಲಸಕ್ಕೂ ಇನ್ನೊಂದಕ್ಕೂ ಕೊಂಡಿ ಇರಲ್ಲ, ಹಾಗಾಗಿ ಒಂದು ಲೇಟಾದ್ರೆ ಇನ್ನೊಂದಕ್ಕೆ ಏನಾಗುತ್ತೆ ಅಂತ ಅದು ಹೇಳಲ್ಲ. ಎಂಎಸ್ ಪ್ರಾಜೆಕ್ಟೋ ಪ್ರೈಮಾವೆರಾನೋ ಯಾವ ಶೆಡ್ಯೂಲ್ ಸಾಫ್ಟ್‌ವೇರ್ ಆದ್ರೂ ಆಗ್ಲಿ, ಸಣ್ಣ ಕೆಲಸಕ್ಕೆ ಎಕ್ಸೆಲ್ಲೇ ಸಾಕು, ಆದ್ರೆ ಯಾವ ಕೆಲಸದ ಹಿಂದೆ ಯಾವುದು ಅನ್ನೋ ಒಂದು ಕಾಲಂ ಇರ್ಲೇಬೇಕು.

ಟೆಂಡರಲ್ಲಿ ಕೆಲಸದ ಅವಧಿ ಮಳೆಗಾಲ ಸೇರಿಸಿಯೋ ಹೊರತುಪಡಿಸಿಯೋ ಅಂತ ಮೊದಲು ನೋಡಿ, ಇದೊಂದು ಪದದ ಮೇಲೆ ಅರ್ಧ ಜಗಳ ನಿಂತಿರುತ್ತೆ. ಆಮೇಲೆ ಕ್ಯಾಲೆಂಡರ್. ಮಣ್ಣಿನ ಕೆಲಸ, ಡಾಂಬರು ಇವಕ್ಕೆ ಮಳೆಗಾಲದಲ್ಲಿ ರಜೆ ಹಾಕಿ, ಒಳಗಿನ ಪ್ಲಾಸ್ಟರಿಂಗ್ ವೈರಿಂಗ್‌ಗೆ ಬೇರೆ ಕ್ಯಾಲೆಂಡರ್. ಕುಶಾಲನಗರದ ಸೈಟಿಗೂ ಭಾಗಮಂಡಲದ ಸೈಟಿಗೂ ಒಂದೇ ಕ್ಯಾಲೆಂಡರ್ ಹಾಕ್ಬೇಡಿ, ಎರಡೂ ಒಂದೇ ಜಿಲ್ಲೆ ಅಷ್ಟೇ, ಮಳೆ ಒಂದೇ ಅಲ್ಲ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳ ಹೊತ್ತಿಗೆ ಜನ ಬರಲ್ಲ, ಕಾಫಿ ಕುಯ್ಲು ಶುರುವಾದ್ರೆ ಕೂಲಿ ಆಳುಗಳು ತೋಟಕ್ಕೆ ಹೋಗ್ತಾರೆ, ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನ ನಿಷೇಧ ಮಾಡಿದ್ರೆ ಜಲ್ಲಿ, ಎಂ-ಸ್ಯಾಂಡ್ ಲಾರಿ ಮೇಲೆ ಬರಲ್ಲ. ಇವೆಲ್ಲಾ ಗೊತ್ತಿರೋ ವಿಷಯ, ಹಾಗಾಗಿ ಪ್ಲಾನಲ್ಲೇ ಇರ್ಬೇಕು, ಆಮೇಲೆ ನೆಪವಾಗಿ ಬಂದ್ರೆ ನಡೆಯಲ್ಲ.

ಮುಖ್ಯವಾದ್ದು ಇನ್ನೊಂದಿದೆ. ಇಲಾಖೆ ಮಾಡ್ಬೇಕಾದ ಕೆಲಸಗಳನ್ನೂ ಬೇರೆ ಬೇರೆ ಸಾಲಾಗಿ ಶೆಡ್ಯೂಲ್‌ಗೆ ಹಾಕಿ: ಜಾಗ ಹಸ್ತಾಂತರ, ಮರ ತೆರವು, ಕರೆಂಟ್ ಕಂಬ ಶಿಫ್ಟಿಂಗ್, ತಡೆಗೋಡೆ ಡ್ರಾಯಿಂಗ್ ಅಪ್ರೂವಲ್. ಪ್ರತಿಯೊಂದಕ್ಕೂ ಡೇಟು. ಈ ಸಾಲುಗಳು ಬೇಸ್‌ಲೈನಲ್ಲಿ ಇಲ್ದೇ ಹೋದ್ರೆ ಮುಂದೆ ಲೇಟಾಯ್ತು ಅನ್ನೋಕೆ ಯಾವ ಡೇಟಿಂದ ಲೇಟು ಅಂತ್ಲೇ ಇರಲ್ಲ. ಅಪ್ರೂವಲ್ ಸಹಿ ತಗೊಳ್ಳಿ, ಸಹಿ ಹಾಕಲ್ಲ ಅಂದ್ರೆ ಟಪಾಲ್ ಸೆಕ್ಷನ್‌ನಲ್ಲಿ ಕೊಟ್ಟು ಇನ್‌ವರ್ಡ್ ಸೀಲ್ ಆದ್ರೂ ಹಾಕಿಸ್ಕೊಳ್ಳಿ.

ತಿಂಗಳ ಅಪ್ಡೇಟ್

ಒಂದು ದಿನ ಫಿಕ್ಸ್ ಮಾಡ್ಕೊಳ್ಳಿ, ತಿಂಗಳ ಕೊನೇ ದಿನ ಆದ್ರೆ ಒಳ್ಳೇದು. ಇದಕ್ಕೆ ಡೇಟಾ ಡೇಟ್ ಅಂತಾರೆ. ಆ ಗೆರೆಯಿಂದ ಹಿಂದೆ ಇರೋದೆಲ್ಲಾ ನಡೆದಿದ್ದು, ಮುಂದೆ ಇರೋದೆಲ್ಲಾ ಅಂದಾಜು, ಎರಡನ್ನೂ ಕಲಸ್ಬಾರ್ದು. ಪ್ರತಿ ಸಾಲಿಗೆ ಮೂರೇ ವಿಷಯ ಬೇಕು: ನಿಜವಾಗಿ ಯಾವಾಗ ಶುರುವಾಯ್ತು, ಯಾವಾಗ ಮುಗೀತು, ಮುಗಿದಿಲ್ಲ ಅಂದ್ರೆ ಇನ್ನು ಎಷ್ಟು ದಿನ ಬೇಕು. ಪರ್ಸೆಂಟ್ ನಂಬ್ಬೇಡಿ. ಶೇ 70 ಆಗಿದೆ ಅಂತ ಮೂರು ತಿಂಗಳಿಂದ ತೋರಿಸ್ತಿರೋ ಗೋಡೆಗಳು ಜಿಲ್ಲೇಲಿ ಬೇಕಾದಷ್ಟಿವೆ. ಬಾಕಿ ದಿನಾನ ಮೇಸ್ತ್ರಿ ಹತ್ರ ಕೂತು ಹೊಸದಾಗಿ ಲೆಕ್ಕ ಹಾಕಿ, ಆಮೇಲೆ ಎಂಬಿ ಪುಸ್ತಕದ (ಬಿಲ್ಲಿಗೆ ಕೆಲಸದ ಅಳತೆ ಬರೆಯೋ ಮೆಷರ್‌ಮೆಂಟ್ ಬುಕ್) ಜೊತೆ ತಾಳೆ ನೋಡಿ. ಶೆಡ್ಯೂಲಲ್ಲಿ ಗೋಡೆ ಮುಕ್ಕಾಲು ಮುಗಿದಿದೆ, ಬಿಲ್ಲಲ್ಲಿ ಅರ್ಧಕ್ಕೆ ದುಡ್ಡು ತಗೊಂಡಿದ್ದೀರಿ ಅಂದ್ರೆ ಎರಡರಲ್ಲಿ ಒಂದು ಸುಳ್ಳು ಅಂತ ಯಾರಾದ್ರೂ ಹೇಳ್ತಾರೆ.

ಲೇಟು ಅಂತ ಗೊತ್ತಾದ ತಿಂಗಳೇ ಅದಕ್ಕೊಂದು ಹೊಸ ಸಾಲು ಸೇರಿಸಿ, "ಮರ ತೆರವು ಬಾಕಿ, ಜನವರಿ 1ರಿಂದ", ಅದರ ಕೊಂಡಿಯನ್ನ ಬರೆ ಕಡಿಯೋ ಸಾಲಿಗೆ ಕಟ್ಟಿ. ಆಗ ಮುಗಿಯೋ ಡೇಟು ತಾನಾಗೇ ಮುಂದೆ ಹೋಗುತ್ತೆ. ಮೇಲಿನ ಉದಾಹರಣೇಲಿ ಜನವರಿ 31ರ ಅಪ್ಡೇಟಲ್ಲೇ ಗೋಡೆ ಮಳೆಗಾಲ ದಾಟಿ ಹೋಗೋದು ಕಾಣುತ್ತೆ. ಜನವರೀಲೇ ಕಂಡಿದ್ದು ಜನವರೀಲೇ ಇಲಾಖೆ ಕೈ ಸೇರಿದ್ರೆ ಅದಕ್ಕಿರೋ ಬೆಲೆ, ಮುಂದಿನ ವರ್ಷ ಕನ್ಸಲ್ಟೆಂಟ್ ಹತ್ರ ಮಾಡಿಸಿದ ಬಣ್ಣದ ಚಾರ್ಟಿಗೆ ಬರಲ್ಲ.

ಫೈಲ್ ಮೇಲೆ ಫೈಲ್ ಸೇವ್ ಮಾಡಿ ಹಳೇದನ್ನ ಅಳಿಸ್ಬೇಡಿ, ತಿಂಗಳಿಗೊಂದು ಕಾಪಿ ಡೇಟು ಹಾಕಿ ಇಡಿ, ಪಿಡಿಎಫ್ ಮಾತ್ರ ಅಲ್ಲ ಒರಿಜಿನಲ್ ಫೈಲೂ ಇರ್ಲಿ, ಒಂದು ಪ್ರಿಂಟೂ ಇರ್ಲಿ, ಜುಲೈನಲ್ಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಲೇಟು ಮುಚ್ಚೋಕೆ ಅಂತ ಕೊಂಡಿ ಕಿತ್ತು ದಿನ ಕಮ್ಮಿ ಮಾಡಿ "ಎಲ್ಲಾ ಟೈಮಿಗೆ ಮುಗಿಯುತ್ತೆ ಸರ್" ಅಂತ ತೋರಿಸೋ ಅಭ್ಯಾಸ ಕೆಲವರಿಗಿದೆ, ಮೀಟಿಂಗಲ್ಲಿ ಬೈಸ್ಕೊಳ್ಳೋದು ತಪ್ಪುತ್ತೆ ನಿಜ, ಆದ್ರೆ ನಾಳೆ ಅದೇ ಕಾಗದ ತೋರಿಸಿ "ನೀವೇ ಲೇಟಿಲ್ಲ ಅಂತ ಬರ್ಕೊಟ್ಟಿದ್ದೀರಲ್ಲ" ಅಂತಾರೆ.

ನಿಮ್ಮ ತಪ್ಪನ್ನೂ ಬರೀರಿ

ಇದು ಯಾರಿಗೂ ಇಷ್ಟ ಆಗಲ್ಲ. ಸೆಂಟ್ರಿಂಗ್ ಟೀಮ್ ಊರಿಗೆ ಹೋಗಿ ಹನ್ನೆರಡು ದಿನ ಬರ್ಲಿಲ್ಲ ಅಂದ್ರೆ ಅದನ್ನೂ ಅಪ್ಡೇಟಲ್ಲಿ ಹಾಕಿ. ಬರೀ ಇಲಾಖೆ ತಪ್ಪೇ ಇರೋ ಶೆಡ್ಯೂಲ್‌ನ ಆರ್ಬಿಟ್ರೇಟರ್ (ಜಗಳ ತೀರ್ಮಾನಿಸೋ ಮಧ್ಯಸ್ಥರು) ಮೊದಲ ಪುಟದಲ್ಲೇ ಅನುಮಾನದಿಂದ ನೋಡ್ತಾರೆ. ಎರಡೂ ಕಡೆ ತಪ್ಪು ಒಂದೇ ಹೊತ್ತಲ್ಲಿ ಆಗಿದ್ರೆ ಸಾಮಾನ್ಯವಾಗಿ ಟೈಮ್ ಸಿಗುತ್ತೆ, ಮಷೀನ್ ಖಾಲಿ ನಿಂತಿದ್ದಕ್ಕೆ ಆಫೀಸ್ ಖರ್ಚಿಗೆ ದುಡ್ಡು ಸಿಗೋದು ಕಷ್ಟ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2017ರಲ್ಲಿ ಹೊರತಂದ ಡಿಲೇ ಪ್ರೋಟೋಕಾಲ್‌ನ ಎರಡನೇ ಆವೃತ್ತಿಯಲ್ಲೂ ಹೆಚ್ಚುಕಮ್ಮಿ ಇದೇ ಮಾತಿದೆ.

ಹಾಗೇ ಎಲ್ಲಾ ಲೇಟೂ ಕ್ಲೈಮ್ ಅಲ್ಲ. ಚರಂಡಿ ಜಾಗದಲ್ಲಿ ಕರೆಂಟ್ ಕಂಬ ತಿಂಗಳುಗಟ್ಟಲೆ ನಿಂತಿತ್ತು, ಆದ್ರೆ ಚರಂಡಿ ಕೆಲಸಕ್ಕೆ ಶೆಡ್ಯೂಲಲ್ಲಿ ಎರಡು ತಿಂಗಳು ಬಿಡುವಿತ್ತು, ಕೊನೇ ಡೇಟು ಕದಲ್ಲಿಲ್ಲ ಅಂದ್ರೆ ದಿನ ಕೇಳೋಕಾಗಲ್ಲ. ಕ್ರಿಟಿಕಲ್ ಪಾತ್ ಅನ್ನೋದು ಇದನ್ನೇ, ಮುಗಿಯೋ ಡೇಟನ್ನ ಹಿಡಿದಿರೋ ಸರಪಣಿ ಯಾವುದು ಅಂತ ಪ್ರತಿ ಅಪ್ಡೇಟಲ್ಲೂ ನೋಡಿ, ಯಾಕಂದ್ರೆ ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ.

ಮಳೆ ಲೆಕ್ಕ

ಮಾಮೂಲಿ ಮಳೆಗಿಂತ ಜಾಸ್ತಿ ಬಂದಿದ್ದು ಮಾತ್ರ ಲೆಕ್ಕಕ್ಕೆ ಬರುತ್ತೆ. ಅದಕ್ಕೆ ಹೋಲಿಕೆ ಬೇಕು, ಅದೇ ಜಾಗದ ಅದೇ ತಿಂಗಳ ಹಿಂದಿನ ಹತ್ತು ವರ್ಷದ ಮಳೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಇವೆ, ಸೈಟಿಗೆ ಹತ್ತಿರದ್ದನ್ನ ತಗೊಳ್ಳಿ. ಇನ್ನು ನಮ್ಮ ಜಿಲ್ಲೆಗೆ ಒಂದು ಅನುಕೂಲ ಇದೆ, ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆದು ಇಂಚು, ಸೆಂಟಿನಲ್ಲಿ (ಸೆಂಟ್ ಅಂದ್ರೆ ಇಂಚಿನ ನೂರರಲ್ಲೊಂದು ಭಾಗ) ಪುಸ್ತಕಕ್ಕೆ ಬರೆದಿಡೋ ರೂಢಿ ಅಜ್ಜನ ಕಾಲದಿಂದ ಇದೆ. ಪಕ್ಕದ ತೋಟದೋರನ್ನ ಕೇಳಿದ್ರೆ ಕೊಡ್ತಾರೆ, ಸರ್ಕಾರಿ ಅಂಕಿಗೆ ಬೆಂಬಲವಾಗಿ ಚೆನ್ನಾಗಿ ನಿಲ್ಲುತ್ತೆ. 2018ರ ಆಗಸ್ಟಲ್ಲಿ ಜೋಡುಪಾಲ ಕಡೆ ಗುಡ್ಡ ಕುಸಿದಂಥ ಸಂದರ್ಭ ಬೇರೆ, ಅಲ್ಲಿ ಮಳೆ ಅಂಕಿಯ ಜೊತೆ ರಸ್ತೆ ಬಂದ್ ಆದೇಶದ ಕಾಪಿ, ಫೋಟೋ ಎಲ್ಲಾ ಬೇಕು. ಮಳೆ ಕಾರಣಕ್ಕೆ ಸಾಮಾನ್ಯವಾಗಿ ಸಿಗೋದು ದಿನ ಮಾತ್ರ, ದುಡ್ಡಿನ ಆಸೆ ಇಟ್ಕೊಳ್ಬೇಡಿ.

ಪತ್ರ ಯಾವಾಗ, ಹೇಗೆ

ಶೆಡ್ಯೂಲ್ ಒಂದೇ ಹೋದ್ರೆ ಸಾಲ್ದು, ಜೊತೆಗೆ ನೋಟಿಸ್ ಬೇಕು, ಅದಕ್ಕೆ ಗಡುವು ಇರುತ್ತೆ. ಸಿಪಿಡಬ್ಲ್ಯುಡಿ (ಕೇಂದ್ರ ಲೋಕೋಪಯೋಗಿ ಇಲಾಖೆ) ಷರತ್ತಲ್ಲಿ ಅಡಚಣೆ ಆದ 14 ದಿನದೊಳಗೆ ನಿಗದಿತ ಫಾರಂನಲ್ಲಿ ಕೇಳ್ಬೇಕು, ಫಿಡಿಕ್ (ಇಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿ ಕಾಂಟ್ರಾಕ್ಟಲ್ಲಿ 28 ದಿನದೊಳಗೆ ಕ್ಲೈಮ್ ನೋಟಿಸ್. ನಿಮ್ಮ ಅಗ್ರಿಮೆಂಟಲ್ಲಿ ಎಷ್ಟಿದೆ ಅಂತ ಇವತ್ತೇ ತೆಗೆದು ನೋಡಿ ಗೋಡೆಗೆ ಅಂಟಿಸಿ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರವೂ ಎದುರು ಪಾರ್ಟಿ ಲೇಟಾಗಿ ಮಾಡಿಕೊಟ್ಟಿದ್ದನ್ನ ಸುಮ್ನೆ ಒಪ್ಪಿಕೊಂಡ್ರೆ ಆ ಲೇಟಿನ ನಷ್ಟ ಆಮೇಲೆ ಕೇಳೋಕಾಗಲ್ಲ, ಒಪ್ಪಿಕೊಳ್ಳೋ ಹೊತ್ತಲ್ಲೇ ಕೇಳ್ತೀನಿ ಅಂತ ನೋಟಿಸ್ ಕೊಟ್ಟಿರ್ಬೇಕು. ಜಾಗ ತಡವಾಗಿ ಸಿಕ್ಕಿದ ದಿನ ಖುಷೀಲಿ ಜೆಸಿಬಿ ಇಳಿಸೋ ಮುಂಚೆ ಒಂದು ಪತ್ರ ಬರೆಯೋಕೆ ಇದೇ ಕಾರಣ.

ಪತ್ರ ಉದ್ದ ಬೇಡ. ಇಷ್ಟಿದ್ರೆ ಸಾಕು:

"ಸರಪಳಿ 1.200 ರಿಂದ 1.450 ಕಿ.ಮೀ.ವರೆಗೆ ಮರಗಳ ತೆರವು ದಿನಾಂಕ 31-12ಕ್ಕೆ ಆಗಬೇಕಿದ್ದು, ಈವರೆಗೆ ಆಗಿರುವುದಿಲ್ಲ. ಇದರಿಂದ ಮಣ್ಣು ಅಗೆತ ಹಾಗೂ ತಡೆಗೋಡೆ ಕಾಮಗಾರಿ ವಿಳಂಬವಾಗಿದ್ದು, ಲಗತ್ತಿಸಿರುವ 31-01ರ ಪರಿಷ್ಕೃತ ಕಾರ್ಯಯೋಜನೆಯಂತೆ ತಡೆಗೋಡೆಯು ಮಳೆಗಾಲಕ್ಕೆ ಮುಂಚೆ ಪೂರ್ಣಗೊಳ್ಳುವುದಿಲ್ಲ. ಸ್ಥಳದಲ್ಲಿ ಒಂದು ಹಿಟಾಚಿ ಯಂತ್ರ ಕೆಲಸವಿಲ್ಲದೆ ನಿಂತಿರುತ್ತದೆ. ಕಾಲಾವಧಿ ವಿಸ್ತರಣೆ ಹಾಗೂ ನಷ್ಟ ಪರಿಹಾರ ಕೋರುವ ಹಕ್ಕನ್ನು ಕಾಯ್ದಿರಿಸಿಕೊಂಡಿರುತ್ತೇವೆ."

ಸೈಟ್ ಡೈರೀಲಿ ಅದೇ ದಿನದ ಸಾಲು ಇದಕ್ಕೆ ಹೊಂದ್ಬೇಕು: ಎಷ್ಟು ಜನ ಬಂದ್ರು, ಹಿಟಾಚಿ ಅವರ್ ಮೀಟರ್ ಬೆಳಿಗ್ಗೆ ಎಷ್ಟು ಸಂಜೆ ಎಷ್ಟು, ಜೆಇ (ಜೂನಿಯರ್ ಇಂಜಿನಿಯರ್) ಬಂದಿದ್ರೆ ಏನ್ ಹೇಳಿದ್ರು. ಜೆಇ ಸಹಿ ಸಿಕ್ಕಿದ್ರೆ ಚಿನ್ನ. ಇಲಾಖೆ ಇಡೋ ಹಿಂಡ್ರೆನ್ಸ್ ರಿಜಿಸ್ಟರ್ ಇದ್ರೆ ಅದರಲ್ಲಿ ಈ ಅಡಚಣೆ ಎಂಟ್ರಿ ಆಗಿದ್ಯಾ ಅಂತ ಕೇಳಿ, ಆಗಿಲ್ಲ ಅಂದ್ರೆ ಪತ್ರ ಬರೆದು ಮಾಡಿಸಿ. ವಾಟ್ಸಾಪ್‌ನಲ್ಲಿ ಫೋಟೋ ಹಾಕಿದ್ದೀನಲ್ಲ ಅಂತ ಕೂರ್ಬೇಡಿ, ಕೋರ್ಟಿಗೆ ಹೋದ್ರೆ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಕೇಳ್ತಾರೆ, ಹಳೇ ಫೋನ್ ಮಾರಿ ಎಲ್ಲಾ ಕಳ್ಕೊಂಡಿದ್ರೆ ಕಷ್ಟ. ಗ್ರೂಪಲ್ಲಿ ಹೇಳಿದ್ದನ್ನ ಅದೇ ವಾರ ಇಮೇಲೋ ಪತ್ರವೋ ಮಾಡಿ ಕಳ್ಸಿ.

ಫೈನಲ್ ಬಿಲ್ಲಲ್ಲಿ ಹುಷಾರು

ಇಷ್ಟೆಲ್ಲಾ ಮಾಡಿ ಕೊನೇಲಿ ಜಾರೋ ಜಾಗ ಒಂದಿದೆ. ಎಕ್ಸ್‌ಟೆನ್ಷನ್ ಕೊಡುವಾಗ "ಯಾವುದೇ ಹೆಚ್ಚುವರಿ ಪರಿಹಾರ ಕೇಳುವುದಿಲ್ಲ" ಅಂತ ಒಂದು ಮುಚ್ಚಳಿಕೆ, ಫೈನಲ್ ಬಿಲ್ ಕೊಡುವಾಗ "ಪೂರ್ಣ ಮತ್ತು ಅಂತಿಮ" ಅಂತ ಇನ್ನೊಂದು ಸಹಿ ಕೇಳ್ತಾರೆ. ಬಿಲ್ ಬೇಕಲ್ಲ, ಬ್ಯಾಂಕ್ ಬಡ್ಡಿ ಏರ್ತಾ ಇದೆ, ಕಣ್ಮುಚ್ಚಿ ಹಾಕಿಬಿಡ್ತಾರೆ. ಆಮೇಲೆ ಒತ್ತಾಯಕ್ಕೆ ಹಾಕಿದ್ದು ಅಂತ ವಾದ ಮಾಡ್ಬಹುದು, ಆದ್ರೆ ಅದನ್ನ ಸಾಬೀತು ಮಾಡೋ ಭಾರ ನಿಮ್ಮದೇ. ಸಹಿಯ ಮೇಲೆ "ಈ ಹಿಂದಿನ ಪತ್ರಗಳಲ್ಲಿ ಕೋರಿದ ಕ್ಲೈಮ್‌ಗಳನ್ನು ಕಾಯ್ದಿರಿಸಿ" ಅಂತ ಕೈಯಲ್ಲಿ ಬರೆದು ಹಾಕಿ, ಅದಕ್ಕೆ ಒಪ್ಪಲ್ಲ ಅಂದ್ರೆ ದುಡ್ಡು ಬಂದ ಬೆನ್ನಿಗೇ, ವಾರ ಕಳೆಯೋಕೆ ಬಿಡದೆ, ಯಾವ ಪರಿಸ್ಥಿತೀಲಿ ಸಹಿ ಹಾಕಿದ್ರಿ ಅಂತ ಡೇಟು ಸಮೇತ ಸ್ಪೀಡ್ ಪೋಸ್ಟಲ್ಲಿ ಪತ್ರ ಕಳ್ಸಿ, ಜೊತೆಗೆ ಕೊನೇ ತಿಂಗಳ ಶೆಡ್ಯೂಲ್ ಕಾಪಿ ಲಗತ್ತಿಸಿ.