ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಮಾತ್ರ ಓಡುವುದಿಲ್ಲ: ಇಮೊಬಿಲೈಸರ್ ರಿಪೇರಿಯ ನನ್ನ ಅನುಭವ

ಕಾರು ಸ್ಟಾರ್ಟ್ ಆಗುತ್ತಿಲ್ಲ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: "ಬ್ಯಾಟ್ರಿ ಹೋಗಿರ್ಬೇಕು ನೋಡಿ." ತೀರ್ಥಹಳ್ಳಿಯ ಮಳೆಗಾಲದಲ್ಲಿ ಆ ಮಾತು ಸುಮಾರು ಸಲ ನಿಜವೂ ಹೌದು. ಆದರೆ ನನ್ನ ಹಳೆಯ ಹ್ಯಾಚ್‌ಬ್ಯಾಕ್ ಮುಷ್ಕರ ಹೂಡಿದಾಗ ಸೆಲ್ಫ್ ಜೋರಾಗಿಯೇ ಹೊಡೆಯುತ್ತಿತ್ತು. ಎಂಜಿನ್ ಒಮ್ಮೆ ಗುರ್ ಅಂದು ಒಂದೆರಡು ಸೆಕೆಂಡಿನಲ್ಲಿ ಆಫ್ ಆಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಕಾರಿನ ಚಿತ್ರದೊಳಗೆ ಕೀ ಇರುವ ದೀಪ ಮಿಣುಕುತ್ತಲೇ ಇತ್ತು.

ಆ ದೀಪವನ್ನೇ ಮೊದಲು ನೋಡಬೇಕು. ನನ್ನ ಕಾರಿನಲ್ಲಿ ಕೀ ಆನ್ ಮಾಡಿದರೆ ಅದು ಸ್ವಲ್ಪ ಹೊತ್ತು ಉರಿದು ಆರಿಬಿಡುತ್ತದೆ. ಆರದೆ ಮಿಣುಕಿದರೆ ಕಾರು ನಿಮ್ಮ ಕೀಯನ್ನು ಗುರುತಿಸಿಲ್ಲ ಅಂತ ಅರ್ಥ. ಆಗ ಪೆಟ್ರೋಲ್ ಪಂಪ್, ಪ್ಲಗ್ ಅಂತ ಬಿಚ್ಚಿ ಹಾಕುವುದು ಸುಮ್ನೆ ದಂಡ.

ಸರಿಯಾದ ಕೀ ಇಲ್ಲದೆ ಎಂಜಿನ್ ಓಡಲು ಬಿಡದ ಈ ಕಳ್ಳಗಾವಲಿಗೇ ಇಮೊಬಿಲೈಸರ್ ಅನ್ನುವುದು. ಅದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ತೊಂದರೆ ಹುಡುಕುವುದು ಸುಲಭ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಕೀ ಹಾಕುವ ತೂತಿನ ಸುತ್ತ ಬಳೆಯ ಹಾಗೆ ಒಂದು ಕಾಯಿಲ್ (ತಂತಿಯ ಸುರುಳಿ) ಕೂತಿರುತ್ತದೆ. ಕೀ ತಿರುಗಿಸಿದಾಗ ಆ ಕಾಯಿಲ್, ಹೆಚ್ಚಿನ ಕಾರುಗಳಲ್ಲಿ 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರದ ಮೂಲಕ, ಚಿಪ್ಪಿಗೆ ಜೀವ ಕೊಡುತ್ತದೆ. ಚಿಪ್ ತನ್ನ ಕೋಡ್ ಹೇಳುತ್ತದೆ. ಅದು ಹೊಂದಿದರೆ ಮಾತ್ರ ಇಸಿಎಂ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಎಂಜಿನ್ ಓಡಲು ಬಿಡುತ್ತದೆ. ಹೊಂದದಿದ್ದರೆ ಕೆಲವು ಕಾರುಗಳಲ್ಲಿ ಸೆಲ್ಫ್ ಕೂಡ ಹೊಡೆಯುವುದಿಲ್ಲ. ರಿಮೋಟ್ ಬಟನ್ನಿನ ಸೆಲ್ ಬೇರೆ, ಈ ಚಿಪ್ ಬೇರೆ. ರಿಮೋಟಿನಲ್ಲಿ ಬಾಗಿಲು ತೆರೆಯಿತು ಅಂದ ಮಾತ್ರಕ್ಕೆ ಚಿಪ್ ಸರಿಯಿದೆ ಅಂತಲ್ಲ.

ಆದರೂ ಬ್ಯಾಟರಿ ನೋಡಿಯೇ ಮುಂದುವರಿದೆ. ವೋಲ್ಟೇಜ್ ಇಳಿದರೂ ಇಮೊಬಿಲೈಸರ್ ತಲೆಕೆಡಿಸಿಕೊಳ್ಳುತ್ತದೆ. ಸುಮ್ಮನಿದ್ದಾಗ 12.5 ವೋಲ್ಟ್ ತೋರಿಸಿತು, ಸೆಲ್ಫ್ ಹೊಡೆದಾಗ 10ಕ್ಕಿಂತ ಕೆಳಗೆ ಬೀಳಲಿಲ್ಲ. ಅಲ್ಲಿಗೆ ಬ್ಯಾಟರಿ ಲೆಕ್ಕದಿಂದ ಹೊರಗೆ. ಆಮೇಲೆ ಗೊಂಚಲಿನಿಂದ ಕಾರಿನ ಕೀ ಒಂದನ್ನೇ ಬಿಡಿಸಿದೆ. ಇನ್ನೊಂದು ಗಾಡಿಯ ಚಿಪ್ ಕೀ ಪಕ್ಕದಲ್ಲೇ ನೇತಾಡುತ್ತಿದ್ದರೆ ಎರಡರ ಮಾತೂ ಕಲಸಿಹೋಗುವುದುಂಟು. ಬೀರುವಿನಲ್ಲಿದ್ದ ಸ್ಪೇರ್ ಕೀ ತಂದೆ. ಅದಕ್ಕೂ ದೀಪ ಮಿಣುಕಿತು. ಎರಡು ಕೀ ಒಟ್ಟಿಗೆ ಕೆಡುವುದು ಅಪರೂಪ ಅಲ್ವಾ? ಹಾಗಾಗಿ ತೊಂದರೆ ಕಾರಿನ ಕಡೆಯೇ ಇದೆ ಅನ್ನುವುದು ಖಾತ್ರಿಯಾಯಿತು.

ಅಂಗಡಿಯಲ್ಲಿ ಹಾಕಿಸಿದ ಸೈರನ್-ಸೆಂಟ್ರಲ್ ಲಾಕ್ ಇದ್ದರೆ ಅದನ್ನೂ ಇದೇ ಹಂತದಲ್ಲಿ ನೋಡಬೇಕು. ಅಂಥ ಕೆಲವುಗಳಲ್ಲಿ ಇಗ್ನಿಷನ್ ವೈರನ್ನು ಕತ್ತರಿಸಿ ನಡುವೆ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಕೂರಿಸಿರುತ್ತಾರೆ. ಆ ರಿಲೇ ಕೆಟ್ಟರೂ ಕಾರು ನಿಲ್ಲುತ್ತದೆ, ಆದರೆ ಕಂಪನಿಯೇ ಕೊಟ್ಟ ಆ ಕೀ ದೀಪ ಮಾಮೂಲಿಯಂತೆ ಆರಿರುತ್ತದೆ. ನನ್ನ ಕಾರಿನಲ್ಲಿ ಅದು ಇರಲಿಲ್ಲ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. "ಟೋ ಮಾಡ್ಸಿ ಶಿವಮೊಗ್ಗಕ್ಕೆ ತನ್ನಿ ಸರ್, ಇಸಿಎಂ ಹೊಸ್ದು ಹಾಕ್ಬೇಕಾಗ್ಬಹುದು" ಅಂದರು. ಸ್ಕ್ಯಾನರ್ ಹಾಕದೆ, ಕಾರಿನ ಮುಖ ಕೂಡ ನೋಡದೆ ಇಸಿಎಂ ಅಂದುಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದು ಬಲು ದುಬಾರಿ ಸಾಮಾನು, ಕೆಡುವುದು ಮಾತ್ರ ಕಡಿಮೆ.

ನಿಜವಾದ ಸುಳಿವು ಕೊಟ್ಟಿದ್ದು ನನ್ನ ಹೆಂಡತಿ. "ನಿಮ್ಗೆ ಮಾತ್ರ ಹಟ ಮಾಡ್ತದೆ ಕಣ್ರೀ, ನಂಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು" ಅಂದಳು. ಅದೇ ಕೀ, ಅದೇ ಕಾರು. ಹಾಗಾದರೆ ವ್ಯತ್ಯಾಸ ಏನು? ಅವಳು ಕೂತಾಗ ಸ್ಟೀರಿಂಗನ್ನು ಕೆಳಗೆ ಇಳಿಸಿಕೊಳ್ಳುತ್ತಾಳೆ, ನಾನು ಮೇಲೆ ಎತ್ತಿಕೊಳ್ಳುತ್ತೇನೆ. ಸ್ಟೀರಿಂಗ್ ಮೇಲೆತ್ತಿ ಕೀ ಆನ್ ಮಾಡಿದೆ: ದೀಪ ಮಿಣುಕಿತು. ಕೀ ತೆಗೆದು, ಸ್ಟೀರಿಂಗ್ ಇಳಿಸಿ ಮತ್ತೆ ಆನ್ ಮಾಡಿದೆ: ದೀಪ ಆರಿತು, ಎಂಜಿನ್ ಹಾಯಾಗಿ ಓಡಿತು. ಆ ಕ್ಷಣದ ಖುಷಿ ದೊಡ್ಡದು. ಸ್ಟೀರಿಂಗ್ ಕಾಲಮ್ ಜೊತೆಗೇ ಕೀಯ ಲಾಕ್ ಏರಿಳಿಯುತ್ತದೆ, ಅದರ ಜೊತೆ ಕಾಯಿಲ್‌ನ ವೈರ್ ಮಡಚಿಕೊಳ್ಳುತ್ತದೆ. ಲೂಸ್ ಕಾಂಟ್ಯಾಕ್ಟ್ ಅಲ್ಲೇ ಎಲ್ಲೋ ಇತ್ತು.

ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆದು ಹತ್ತು ನಿಮಿಷ ಕಾದೆ. ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇರುತ್ತದೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಲೇಬೇಡಿ. ಕಾಲಮ್ಮಿನ ಕೆಳಗಿನ ಕವರಿನ ಸ್ಕ್ರೂ ತೆಗೆದರೆ ಕಾಯಿಲ್ ಕಾಣುತ್ತದೆ. ನನ್ನದರಲ್ಲಿ ಎರಡೇ ವೈರ್. ಕನೆಕ್ಟರ್ ಎಳೆದು ನೋಡಿದೆ, ಪಿನ್ನುಗಳ ಮೇಲೆ ತೆಳ್ಳಗೆ ಹಸಿರು ಕಿಲುಬು. ಮಲೆನಾಡಿನ ತೇವಕ್ಕೆ ಇದು ಸಹಜ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದೆ. ಅಷ್ಟಕ್ಕೇ ಮುಗಿಸಲಿಲ್ಲ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಕಾಯಿಲ್‌ನ ಎರಡು ಪಿನ್ನಿಗೆ ಹಿಡಿದೆ. ಸ್ಟೀರಿಂಗ್ ಕೆಳಗಿದ್ದಾಗ ಅಂಕಿ ಅಲುಗದೆ ನಿಂತಿತು. ಎತ್ತಿದ ಕೂಡಲೇ ಮೀಟರ್ 'ಓಪನ್', ಅಂದರೆ ಸಂಪರ್ಕ ಕಡಿದಿದೆ ಅಂತ ತೋರಿಸಿತು. (ಕೆಲವು ಕಾರುಗಳಲ್ಲಿ ಕಾಯಿಲ್ ಜೊತೆಗೇ ಸಣ್ಣ ಸರ್ಕ್ಯೂಟ್ ಇರುತ್ತದೆ. ಅಲ್ಲಿ ಹೀಗೆ ಅಳೆಯುವುದಕ್ಕೆ ಆಗುವುದಿಲ್ಲ.)

ವೈರನ್ನು ಎರಡು ಬೆರಳಲ್ಲಿ ಹಿಡಿದು ಉದ್ದಕ್ಕೂ ನೀವಿಕೊಂಡು ಹೋದೆ. ಒಂದು ಕಡೆ, ಕ್ಲಿಪ್ಪಿನ ಹತ್ತಿರ ಮಡಿಚುವ ಜಾಗದಲ್ಲಿ, ಮೆತ್ತಗೆ ಸಿಕ್ಕಿತು. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇತ್ತು, ಒಳಗಿನ ತಾಮ್ರದ ಎಳೆಗಳು ಮಡಚಿ ಮಡಚಿ ತುಂಡಾಗಿದ್ದವು. ಕಣ್ಣಿಗೆ ಕಾಣದ ಇಂಥ ತುಂಡು ಬೆರಳಿಗೇ ಸಿಗುವುದು. ಅಷ್ಟನ್ನು ಕತ್ತರಿಸಿ, ಎರಡಿಂಚು ಹೊಸ ವೈರ್ ಸೇರಿಸಿ ಸೋಲ್ಡರ್ ಮಾಡಿದೆ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಜಾಯಿಂಟ್ ಮಡಚುವ ಜಾಗಕ್ಕೆ ಬಾರದ ಹಾಗೆ ಕಟ್ಟಿ, ಸ್ಟೀರಿಂಗ್ ಪೂರ್ತಿ ಎತ್ತಿದರೂ ಎಳೆತ ಬೀಳದಷ್ಟು ಸಡಿಲ ಬಿಟ್ಟೆ. ಟೇಪ್ ಸುತ್ತಿ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅದೇ ಪಾಡು.

ಈ ನಡುವೆ ಪರಿಚಯದ ಒಬ್ಬರು "ಬೈಪಾಸ್ ಮಾಡ್ಕೊಡ್ತೀನಿ, ಚಿಪ್ಪಿನ ಗೊಡವೆನೇ ಬೇಡ" ಅಂದಿದ್ದರು. ಖಂಡಿತ ಬೇಡ ಅಂದೆ. ಬ್ರಿಟನ್ನಿನಲ್ಲಿ 1998ರಿಂದಲೇ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯ. ಅಮೆರಿಕದಲ್ಲಿ ಅದಿಲ್ಲದೆ ಮಾರಿದ ಕೆಲವು ಮಾಡೆಲ್‌ಗಳನ್ನು 2021-22ರ ಹೊತ್ತಿಗೆ ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಿಂದಲೇ ಸ್ಟಾರ್ಟ್ ಮಾಡಿಕೊಂಡು ಹೋಗುತ್ತಿದ್ದರು. ಒಂದು ತುಂಡು ವೈರಿಗೋಸ್ಕರ ಇಡೀ ಕಾವಲನ್ನೇ ಕಿತ್ತುಹಾಕುವುದು ಸರಿಯಲ್ಲ.

ಬಟನ್ ಸ್ಟಾರ್ಟ್ ಇರುವ ಕಾರುಗಳ ದಾರಿ ಬೇರೆ. ಅಲ್ಲಿ ಹೆಚ್ಚಿನ ಸಲ ಕೀಯ ಸೆಲ್ ಮುಗಿದಿರುತ್ತದೆ. ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು, ಬ್ರೇಕ್ ಅಥವಾ ಕ್ಲಚ್ ತುಳಿದು ಒತ್ತಿದರೆ ಸುಮಾರು ಕಾರುಗಳು ಸ್ಟಾರ್ಟ್ ಆಗುತ್ತವೆ. ಕೆಲವದರಲ್ಲಿ ಕೀ ಇಡುವ ಜಾಗ ಬೇರೆ ಕಡೆ ಇರುತ್ತದೆ. ಅದು ಎಲ್ಲಿದೆ ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಈಗಲೇ ನೋಡಿಟ್ಟುಕೊಳ್ಳಿ. ಆಗುಂಬೆ ಘಾಟಿಯಲ್ಲಿ ಮಳೆ ಸುರಿಯುವಾಗ ಅದನ್ನು ಹುಡುಕುತ್ತಾ ಕೂರುವುದು ಬೇಡ.