ಹೊಲಿಗೆ ಯಂತ್ರ ಕೊಡುವ ಮುನ್ನ

ಕಷ್ಟದಲ್ಲಿರುವ ಹದಿಹರೆಯದ ಹುಡುಗಿಗೆ ನೆರವಾಗಬೇಕು ಎಂದಾಕ್ಷಣ ಸಂಘ ಸಂಸ್ಥೆಗಳಿಗೆ ಹೊಳೆಯುವುದು ಹೊಲಿಗೆ ಯಂತ್ರ. ಫೋಟೊ ಚೆನ್ನಾಗಿ ಬರುತ್ತದೆ. ಆರು ತಿಂಗಳಾದ ಮೇಲೆ ಆ ಯಂತ್ರದಲ್ಲಿ ಯಾರು ಹೊಲಿಯುತ್ತಿದ್ದಾರೆ ಎಂದು ವಿಚಾರಿಸುವವರು ಕಡಿಮೆ. ಅದನ್ನು ವಿಚಾರಿಸಲೆಂದೇ ಒಬ್ಬ ಕಾರ್ಯಕರ್ತೆಯನ್ನು ಗೊತ್ತುಮಾಡಿ, ಪ್ರತಿ ಹುಡುಗಿಗೂ ಪ್ರತ್ಯೇಕ ಫೈಲು ತೆರೆದು, ಅವಳು ತನ್ನ ಕಾಲ ಮೇಲೆ ನಿಲ್ಲುವವರೆಗೆ ಬೆನ್ನಿಗಿರುವುದೇ ಪ್ರಕರಣ ನಿರ್ವಹಣೆ.

ಮೊದಲು ಹುಡುಕಿ. ಸಭೆಗೆ ಬಂದವರ ಹೆಸರನ್ನಷ್ಟೇ ಬರೆದುಕೊಂಡರೆ, ಮನೆಯಿಂದ ಹೊರಬರಲಾಗದವಳೇ ಪಟ್ಟಿಯಿಂದ ತಪ್ಪಿಹೋಗುತ್ತಾಳೆ. ಶಾಲೆ ಬಿಟ್ಟವರು, ಬೇಗ ಮದುವೆಯಾದವರು, ಎಳೆ ಮಗುವಿನ ತಾಯಂದಿರು, ಅಂಗವಿಕಲರು ಎಲ್ಲಿದ್ದಾರೆಂದು ಶಿಕ್ಷಕರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಗೊತ್ತಿರುತ್ತದೆ. ಅವರಿಗಿಂತ ಚೆನ್ನಾಗಿ ಓರಗೆಯ ಹುಡುಗಿಯರಿಗೆ ಗೊತ್ತಿರುತ್ತದೆ. ಸಿಕ್ಕವರನ್ನೆಲ್ಲ ಒಬ್ಬ ಕಾರ್ಯಕರ್ತೆಯ ತಲೆಗೇ ಕಟ್ಟಬೇಡಿ. ತುರ್ತು ನೆರವಿನ ಸಂದರ್ಭಗಳಿಗೆಂದು ರೂಪಿಸಿದ ಅಂತರರಾಷ್ಟ್ರೀಯ ಮಕ್ಕಳ ರಕ್ಷಣಾ ಮಾನದಂಡ ಒಬ್ಬ ಕಾರ್ಯಕರ್ತೆಗೆ 25 ಮಕ್ಕಳ ಮಿತಿ ಹಾಕಿದೆ. ಬೇರೆ ಕಡೆಗೂ ಅದು ಒಳ್ಳೆಯ ಅಳತೆ.

ಒಪ್ಪಿಗೆ ಪಡೆದು ಮಾತಿಗೆ ಕೂರಿ. ಹೇಳಿದ್ದು ಗುಟ್ಟಾಗಿರುತ್ತದೆ, ಆದರೆ ಜೀವಕ್ಕೆ ಅಪಾಯವಿದೆ ಎನಿಸಿದರೆ ನೆರವು ಕೊಡಬಲ್ಲವರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ. ನಮೂನೆ ಹಿಡಿದು ಒಂದೇ ಸಮನೆ ಪ್ರಶ್ನೆ ಕೇಳುವುದಕ್ಕಿಂತ, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಳೆಂದು ಹೇಳಿಸಿ. ನೀರು, ಅಡುಗೆ, ತಮ್ಮ ತಂಗಿಯರ ಆರೈಕೆ, ಕತ್ತಲಾದ ಮೇಲೆ ಹೋಗಲು ಹೆದರುವ ದಾರಿ, ಎಲ್ಲವೂ ತಾವಾಗಿ ಹೊರಬರುತ್ತವೆ. ಬೆಳಗಿನ ತರಬೇತಿಗೆ ಅವಳೇಕೆ ಬರಲಾರಳು ಎಂಬುದಕ್ಕೂ ಅಲ್ಲೇ ಉತ್ತರವಿರುತ್ತದೆ. ಹೊಡೆತ, ಬಲವಂತದ ಸುಳಿವು ಸಿಕ್ಕರೆ ದುಡಿಮೆಯ ಮಾತು ಆಮೇಲೆ, ಮೊದಲು ಸುರಕ್ಷತೆ.

ಅವಳ ಜೊತೆಯಲ್ಲೇ ಯೋಜನೆ ಬರೆಯಿರಿ. ‘ತರಬೇತಿಗೆ ಸೇರಿಸುವುದು’ ಎಂದಷ್ಟೇ ಬರೆದರೆ ಅದು ಯೋಜನೆಯಲ್ಲ. ಯಾವ ದಿನ, ಯಾರ ಜೊತೆ, ಯಾವ ದಾಖಲೆ ಹಿಡಿದು ಹೋಗಬೇಕು, ಆ ಹೊತ್ತು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಅಷ್ಟೂ ಇರಬೇಕು. ಕಸುಬನ್ನು ಅವಳೇ ಆರಿಸಲಿ. ಆದರೆ ಕಲಿತದ್ದಕ್ಕೆ ಹತ್ತಿರದಲ್ಲಿ ಗಿರಾಕಿ ಇದ್ದಾರೆಯೇ ಎಂದು ನೀವು ವಿಚಾರಿಸಿಡಿ. ಇನ್ನು ವಯಸ್ಸು: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ ಒಡಂಬಡಿಕೆ ದುಡಿಮೆಯ ಕನಿಷ್ಠ ವಯಸ್ಸನ್ನು ಸಾಮಾನ್ಯವಾಗಿ 15 ಎಂದೂ, ಅಪಾಯದ ಕೆಲಸಕ್ಕೆ 18 ಎಂದೂ ಗೊತ್ತುಮಾಡಿದೆ. ಹದಿನೈದಕ್ಕಿಂತ ಚಿಕ್ಕವಳ ಯೋಜನೆಯಲ್ಲಿ ಇರಬೇಕಾದ್ದು ಶಾಲೆಯೇ.

ಚೀಟಿ ಕೊಟ್ಟು ಕಳಿಸಬೇಡಿ, ಜೊತೆಗೆ ಹೋಗಿ. ಮೊದಲ ಸಲ ಕಚೇರಿಯ ಬಾಗಿಲಲ್ಲೇ ಗದರಿಸಿಕೊಂಡು ವಾಪಸಾದವಳು ಎರಡನೇ ಸಲ ಹೋಗುವುದು ಕಷ್ಟ.

ದುಡ್ಡು ಯಾರ ಕೈಗೆ? ಸಂಪಾದನೆ ಶುರುವಾದಾಗ ಮನೆಯಲ್ಲಿ ಜಗಳವೂ ಶುರುವಾಗಬಹುದು. ಹಾಗಾಗಿ ಮೊದಲ ಸಂಬಳಕ್ಕೆ ಮುಂಚೆಯೇ ಹಿರಿಯರ ಜೊತೆ ಮಾತಾಡಿ. ಉಳಿತಾಯ ಗುಂಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. 1991ರಲ್ಲಿ ನೈಜರ್‌ ದೇಶದಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ಶುರುಮಾಡಿದ ಮಾದರಿಯಲ್ಲಿ 15ರಿಂದ 25 ಜನ ಸೇರಿ ಹಣ ಕೂಡಿಸುತ್ತಾರೆ, ತಮ್ಮೊಳಗೇ ಸಾಲ ಕೊಡುತ್ತಾರೆ, ಸುಮಾರು ವರ್ಷಕ್ಕೊಮ್ಮೆ ಹಂಚಿಕೊಳ್ಳುತ್ತಾರೆ. ಪೆಟ್ಟಿಗೆಗೆ ಮೂರು ಬೀಗ, ಕೀಲಿಗಳು ಮೂವರ ಬಳಿ. ಮನೆಯವರು ಕೇಳಿದರೆ ‘ಹಣ ಗುಂಪಿನಲ್ಲಿದೆ’ ಎನ್ನಲು ಅವಳಿಗೊಂದು ದಾರಿ.

ಭೇಟಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ಸಂಸ್ಥೆಗಳು ಹುಡುಗಿಯನ್ನು ಕೈಬಿಡುವುದು ಕೆಲಸ ಸಿಕ್ಕಿದ ಮರುದಿನವೇ. ಕೂಲಿ ಸರಿಯಾಗಿ ಬರುತ್ತಿದೆಯೇ, ಕೆಲಸದ ಜಾಗದಲ್ಲಿ ಕಿರುಕುಳವಿದೆಯೇ ಎಂದು ಮನೆಯವರ ಎದುರಿಗಲ್ಲ, ಒಬ್ಬಳೇ ಇದ್ದಾಗ ಕೇಳಿ. ಅವಳು ಸುರಕ್ಷಿತವಾಗಿದ್ದು, ಯೋಜನೆಯಲ್ಲಿ ಬರೆದದ್ದು ಕೈಗೂಡಿ, ‘ಇನ್ನು ಸಾಕು’ ಎಂದು ಅವಳೂ ಒಪ್ಪಿದ ಮೇಲೆ ಫೈಲು ಮುಚ್ಚಿ ಬೀಗದ ಕಪಾಟಿನಲ್ಲಿಡಿ. ತೊಂದರೆಯಾದರೆ ಮತ್ತೆ ಯಾರ ಬಳಿ ಬರಬೇಕೆಂಬುದನ್ನು ಅಂದೇ ಹೇಳಿ ಕಳಿಸಿ.