ಮುಟ್ಟಿ ನೋಡುವ ಮೇಜು

ಹನ್ನೆರಡು ವರ್ಷದಿಂದ ಒಂದು ಪುಟ್ಟ ಸ್ಥಳೀಯ ಇತಿಹಾಸ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದೇನೆ. ಎರಡು ಕೋಣೆ, ಒಂದು ಪಡಸಾಲೆ, ಮೆಟ್ಟಿಲ ಕೆಳಗೊಂದು ಉಗ್ರಾಣ, ಅಷ್ಟೇ. ಸಂಬಳಕ್ಕೆ ದುಡಿಯುವವರು ಯಾರೂ ಇಲ್ಲ. ಬೀಗ ತೆಗೆಯುವುದರಿಂದ ಹಿಡಿದು ಶಾಲೆ ಮಕ್ಕಳಿಗೆ ಕತೆ ಹೇಳುವವರೆಗೆ ಎಲ್ಲವೂ ನಾವು ನಾಲ್ಕೈದು ಜನರದ್ದೇ.

ಮೊದಲ ಮೂರು ವರ್ಷ ನಾನು ಮಾಡಿದ್ದು ಚೀಟಿ ಬರೆಯುವ ಕೆಲಸ. ಗಾಜಿನ ಪೆಟ್ಟಿಗೆಯೊಳಗೆ ಒಂದು ವಸ್ತು, ಅದರ ಪಕ್ಕ ಅದಕ್ಕಿಂತ ಉದ್ದದ ಬರಹ. ಡಯಲ್ ತಿರುಗಿಸುವ ಕಪ್ಪು ಟೆಲಿಫೋನಿನ ಪಕ್ಕ ನೂರಿಪ್ಪತ್ತು ಪದ ಬರೆದಿದ್ದೆ. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ಇಂಥ ಫೋನುಗಳ ಮೈಗೆ ಬಳಸುತ್ತಿದ್ದ ಬೇಕಲೈಟ್ ಅನ್ನುವ ಪ್ಲಾಸ್ಟಿಕ್ ಕಂಡುಹಿಡಿದದ್ದೂ ಅದರಲ್ಲಿತ್ತು. ಹೆಮ್ಮೆಯೂ ಇತ್ತು ಅನ್ನಿ.

ಒಂದು ಭಾನುವಾರ ಅಜ್ಜಿ, ಮಗಳು, ಏಳೆಂಟು ವರ್ಷದ ಮೊಮ್ಮಗ ಬಂದರು. ಹುಡುಗ ಗಾಜಿಗೆ ಮೂಗು ಒತ್ತಿಕೊಂಡು, “ಅಜ್ಜಿ, ಇದರಲ್ಲಿ ಬಟನ್ನೇ ಇಲ್ವಲ್ಲ?” ಅಂದ. “ಒತ್ತೋದಲ್ಲ ಕಣೋ, ತೂತಿಗೆ ಬೆರಳು ಹಾಕಿ ತಿರುಗಿಸೋದು” ಅಂತ ಅಜ್ಜಿ ಗಾಜಿನ ಮೇಲೇ ಬೆರಳಲ್ಲಿ ತಿರುಗಿಸಿ ತೋರಿಸಿದರು. “ನಂಬರಲ್ಲಿ ಸೊನ್ನೆ ಜಾಸ್ತಿ ಇದ್ರೆ ಸಾಕಾಗಿಹೋಗೋದು. ಅದು ವಾಪಸ್ ಬರೋವರೆಗೂ ಕಾಯ್ತಾ ನಿಂತಿರಬೇಕು.” ಹತ್ತು ನಿಮಿಷ ಅಲ್ಲೇ ಮಾತಾಡಿದರು. ನನ್ನ ಚೀಟಿಯ ಕಡೆ ಮೂವರಲ್ಲಿ ಒಬ್ಬರೂ ಕಣ್ಣು ಹಾಯಿಸಲಿಲ್ಲ.

ಅಜ್ಜಿ ಹೇಳಿದ್ದು ಎಷ್ಟು ಸರಿ ಅಂತ ಆಮೇಲೆ ಹೊಳೆಯಿತು. ಡಯಲ್ ಹಿಂದಕ್ಕೆ ತಿರುಗುವಾಗ ಲೈನನ್ನು ಕಡಿದು ಕಡಿದು ಸಂಕೇತ ಕಳಿಸುತ್ತದೆ. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ, ಸೆಕೆಂಡಿಗೆ ಸುಮಾರು ಹತ್ತರ ವೇಗದಲ್ಲಿ. ಸೊನ್ನೆ ನಿಧಾನವಾಗುವುದು ಅದಕ್ಕೇ. ಯಂತ್ರ ಕೆಲಸ ಮಾಡುವ ರೀತಿಯೇ ಅಜ್ಜಿಯ ಬೇಜಾರಿನೊಳಗಿತ್ತು. ನನ್ನ ನೂರಿಪ್ಪತ್ತು ಪದಗಳಲ್ಲಿ ಅದರ ಸುಳಿವೇ ಇರಲಿಲ್ಲ.

ಆ ವಾರವೇ ಚೀಟಿಗಳನ್ನೆಲ್ಲ ಕಿತ್ತೆ. ಈಗ ಯಾವ ಚೀಟಿಯೂ ನಲವತ್ತು ಪದ ದಾಟುವುದಿಲ್ಲ, ಮೊದಲ ಸಾಲು ಕಣ್ಣಿಗೆ ಕಾಣುವುದರ ಬಗ್ಗೆಯೇ ಇರಬೇಕು, ಕೊನೆಯಲ್ಲೊಂದು ಪ್ರಶ್ನೆ. ಟೆಲಿಫೋನಿಗೆ ಉಳಿದದ್ದು ಇಷ್ಟೇ: “ಸೊನ್ನೆ ತಿರುಗಿಸಿ, ಆಮೇಲೆ ಒಂದು ತಿರುಗಿಸಿ. ಯಾವುದು ಬೇಗ ವಾಪಸ್ ಬಂತು?” ಚೀಟಿ ಬರೆಯುವ ಚಾಳಿ ಹೊಸದೇನಲ್ಲ ಬಿಡಿ. ಹೆಸರು ಕೇಳಿದರೆ ನಮ್ಮ ‘ಊರು’ ಅನ್ನಿಸುವ ಮೆಸೊಪೊಟೇಮಿಯದ, ಅಂದರೆ ಈಗಿನ ಇರಾಕಿನ, ಊರ್ ನಗರದಲ್ಲಿ 1925ರಲ್ಲಿ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಅಗೆದಾಗ, ಬೇರೆ ಬೇರೆ ಕಾಲದ ಹಳೆಯ ವಸ್ತುಗಳು ಒಂದೇ ಕಡೆ ಸಿಕ್ಕವು. ಜೊತೆಗೊಂದು ಮಣ್ಣಿನ ಉರುಳೆ. ಹಳೆಯ ಇಟ್ಟಿಗೆಯ ಮೇಲಿದ್ದ ಬರಹವನ್ನು ಅದರ ಮೇಲೆ ನಕಲು ಮಾಡಿ, ಎಲ್ಲಿ ಸಿಕ್ಕಿದ್ದು ಅಂತ ಯಾರೋ ಟಿಪ್ಪಣಿ ಹಾಕಿದ್ದರು. ಸುಮಾರು ಎರಡೂವರೆ ಸಾವಿರ ವರ್ಷ ಹಿಂದಿನ ನನ್ನ ಸಹೋದ್ಯೋಗಿ. ಅವನೂ ಪುಟ್ಟದಾಗಿಯೇ ಬರೆದಿದ್ದ.

ಪ್ರಶ್ನೆ ಹಾಗೆ ಬರೆದ ಮೇಲೆ ಟೆಲಿಫೋನನ್ನು ಗಾಜಿನೊಳಗೆ ಇಡುವ ಹಾಗಿಲ್ಲವಲ್ಲ! ಮುಟ್ಟಿ ನೋಡುವ ಮೇಜು ಹುಟ್ಟಿದ್ದು ಹೀಗೆ. 1960ರ ದಶಕದಲ್ಲೇ ಬಾಸ್ಟನ್ನಿನ ಮಕ್ಕಳ ಮ್ಯೂಸಿಯಂನಲ್ಲಿ ಮೈಕಲ್ ಸ್ಪಾಕ್ ಅನ್ನುವ ನಿರ್ದೇಶಕರು ಗಾಜಿನ ಪೆಟ್ಟಿಗೆಗಳನ್ನು ಬದಿಗಿಟ್ಟು, ವಸ್ತುಗಳನ್ನು ಮಕ್ಕಳ ಕೈಗೆ ಕೊಟ್ಟಿದ್ದರು. ನಮ್ಮದು ಅದರ ಬಡ ರೂಪ.

ಮೇಜಿನ ಮೇಲೆ ಏನಿಡಬೇಕು ಅನ್ನುವುದಕ್ಕಿಂತ ಏನಿಡಬಾರದು ಅಂತ ಕಲಿಯಲು ಹೆಚ್ಚು ಸಮಯ ಹಿಡಿಯಿತು. ಒಂದೇ ಥರದ್ದು ಎರಡು ಮೂರು ಇರುವ, ಯಾರದೆಂಬ ಕತೆ ಗೊತ್ತಿಲ್ಲದ ವಸ್ತು ಮಾತ್ರ ಅಲ್ಲಿಗೆ ಹೋಗುತ್ತದೆ. ಅವಕ್ಕೆ ಬೇರೆಯೇ ರಿಜಿಸ್ಟರ್, ಮುರಿದರೆ ಅಳುವ ಹಾಗಿಲ್ಲ. ಕರೆಂಟಿಗೆ ಸಿಕ್ಕಿಸುವುದು ಯಾವುದೂ ಬೇಡ. ಹಳೆಯ ಇಸ್ತ್ರಿ ಪೆಟ್ಟಿಗೆಯ ವೈರಿನ ಹೊದಿಕೆಯಲ್ಲಿ, ಶಾಖ ತಡೆಯುವ ತಟ್ಟೆಯಲ್ಲಿ, ಉಸಿರಿನೊಳಗೆ ಹೋದರೆ ಹಾನಿ ಮಾಡುವ ಆಸ್ಬೆಸ್ಟಸ್ ನಾರು ಇರಬಹುದು. ಕತ್ತಲಲ್ಲಿ ಹೊಳೆಯುವ ಹಳೆಯ ಅಲಾರಂ ಗಡಿಯಾರದ ಮುಳ್ಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿದಿರಬಹುದು. ಹೊಳಪು ಹೋಗಿದ್ದರೂ ರೇಡಿಯಂ ಹೋಗಿರುವುದಿಲ್ಲ, ಅದು ಅರ್ಧಕ್ಕೆ ಇಳಿಯಲೇ ಸುಮಾರು 1,600 ವರ್ಷ ಬೇಕು. ಅಂಥ ಒಂದು ಗಡಿಯಾರವನ್ನು ನಾನೇ ಆರು ತಿಂಗಳು ಮಕ್ಕಳ ಕೈಗೆ ಸಿಗುವಂತೆ ಇಟ್ಟಿದ್ದೆ. ಗಾಜು ಗಟ್ಟಿಯಾಗಿತ್ತು, ಯಾರೂ ಬಿಚ್ಚಲಿಲ್ಲ. ಆದರೂ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೇಜಿನ ರಾಜ ಇಂಗ್ಲಿಷ್ ಟೈಪ್‌ರೈಟರು. ಪಕ್ಕದಲ್ಲಿ ಒಂದೇ ಸಾಲು: “ಅಂಕಿ 1 ಎಲ್ಲಿದೆ?” ನಮ್ಮ ಯಂತ್ರದಲ್ಲಿ, ಹಳೆಯ ಹಲವು ಯಂತ್ರಗಳಲ್ಲಿರುವಂತೆ, ಆ ಕೀಲಿಯೇ ಇಲ್ಲ. ಸಣ್ಣಕ್ಷರದ ‘ಎಲ್’ ಒತ್ತಿ ಕೆಲಸ ಸಾಗಿಸುತ್ತಿದ್ದರು. ಮಕ್ಕಳು ಹುಡುಕುತ್ತಾರೆ, ಅಪ್ಪ ಅಮ್ಮ ಹುಡುಕುತ್ತಾರೆ, ಹಿಂದೆ ಕೈ ಕಟ್ಟಿ ನಿಂತ ತಾತ ನಿಧಾನಕ್ಕೆ ಮುಂದೆ ಬರುತ್ತಾರೆ. ಉತ್ತರ ಎಲ್ಲೂ ಬರೆದಿಲ್ಲ. ಬರೆದಿದ್ದರೆ ತಾತ ಮುಂದೆ ಬರುತ್ತಿರಲಿಲ್ಲ.

ಅದಕ್ಕೂ ಮುಂಚೆ ‘ಮಕ್ಕಳ ಚಟುವಟಿಕೆ’ ಅಂತ ನಾನು ಮಾಡಿದ್ದೆಲ್ಲ ಬಹುತೇಕ ವ್ಯರ್ಥ. ಬಣ್ಣ ತುಂಬುವ ಹಾಳೆ ಕೊಟ್ಟೆ, ಮಕ್ಕಳು ಮೂಲೆಯಲ್ಲಿ ಕೂತು ಬಣ್ಣ ತುಂಬಿದರು, ದೊಡ್ಡವರು ಮೊಬೈಲ್ ನೋಡುತ್ತ ಕಾದರು. ಆ ಹಾಳೆಯನ್ನು ಮನೆಯಲ್ಲೇ ತುಂಬಬಹುದಿತ್ತು. ನಿಧಿ ಹುಡುಕುವ ಆಟ ಇನ್ನೂ ಕೆಟ್ಟದ್ದು. ಹತ್ತು ವಸ್ತುಗಳ ಪಕ್ಕ ಹತ್ತು ಅಂಕಿ ಅಂಟಿಸಿದ್ದೆ. ಮಕ್ಕಳು ಅಂಕಿ ಹುಡುಕುತ್ತ ಓಡಿ, ಎಂಟೇ ನಿಮಿಷದಲ್ಲಿ ಮುಗಿಸಿ, ಬಹುಮಾನ ಎಲ್ಲಿ ಅಂದರು. ವಸ್ತು ಯಾವುದಿತ್ತು ಅಂತ ಕೇಳಿದರೆ ಪಿಳಿಪಿಳಿ. ಈಗ ಐದೇ ಪ್ರಶ್ನೆ, ಅಂಕಿ ಇಲ್ಲ. ಈ ಹೊಲಿಗೆ ಯಂತ್ರದ ಯಾವ ಭಾಗ ಹೆಚ್ಚು ಸವೆದಿದೆ? ಈ ಪೆಟ್ಟಿಗೆಯನ್ನು ಎಷ್ಟು ಸಲ ರಿಪೇರಿ ಮಾಡಿದ್ದಾರೆ? ನಿಮ್ಮ ಜೊತೆ ಬಂದ ಹಿರಿಯರು ಇದರಲ್ಲಿ ಯಾವುದನ್ನು ಬಳಸಿದ್ದಾರೆ, ಕೇಳಿ ಬರೆಯಿರಿ. ಹಾಳೆಯೂ ಒಂದು ಮನೆಯವರಿಗೆ ಒಂದೇ, ಪೆನ್ಸಿಲ್ಲೂ ಒಂದೇ. ಒಟ್ಟಿಗೆ ನಿಲ್ಲದೆ ಬೇರೆ ದಾರಿಯಿಲ್ಲ.

ಪೆನ್ಸಿಲ್ ಯಾಕೆ ಅಂದರೆ, ಪೆನ್ನಿನ ಗೀಟು ಬಿದ್ದರೆ ಹೋಗುವುದಿಲ್ಲ. ಕಾಪಾಡುವ ವಿದ್ಯೆ ನಾನು ಕಲಿತದ್ದೆಲ್ಲ ಹಾಳುಮಾಡಿಯೇ. ಒಂದು ಹಳೆಯ ಕೈಬರಹದ ಪತ್ರವನ್ನು ಚೆನ್ನಾಗಿ ಕಾಣಲಿ ಅಂತ ಕಿಟಕಿ ಪಕ್ಕ ಎಂಟು ತಿಂಗಳು ಇಟ್ಟೆ. ತೆಗೆದಾಗ ಚೌಕಟ್ಟಿನಡಿ ಮುಚ್ಚಿಹೋಗಿದ್ದ ಅಂಚಿನಲ್ಲಷ್ಟೇ ಶಾಯಿ ಗಾಢವಾಗಿತ್ತು, ಉಳಿದದ್ದು ಮಂಕು. ಬೆಳಕಿನ ಹಾನಿ ಕೂಡುತ್ತ ಹೋಗುತ್ತದೆ, ಕತ್ತಲಲ್ಲಿಟ್ಟರೂ ವಾಪಸ್ ಬರುವುದಿಲ್ಲ. ಕಾಗದಕ್ಕೆ, ಬಟ್ಟೆಗೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಸಾಕು. ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಬಲ್ಲದು. ಈಗ ಪತ್ರಗಳ ನಕಲು ಗೋಡೆಯಲ್ಲಿ, ಅಸಲು ಆಮ್ಲರಹಿತ ಪೆಟ್ಟಿಗೆಯಲ್ಲಿ. ನಕಲಾದ್ದರಿಂದ ದೊಡ್ಡದು ಮಾಡಿ ಹಾಕಬಹುದು, ಕನ್ನಡಕ ಮರೆತು ಬಂದವರಿಗೂ ಕಾಣುತ್ತದೆ. ಉಣ್ಣೆ ಬಟ್ಟೆಗೆ ನುಸಿ ಹಿಡಿದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇವೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚುವುದಿಲ್ಲ, ಬಿಚ್ಚಿದರೆ ತಣ್ಣನೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ವಸ್ತು ತಂದುಕೊಡುವವರ ಬಗ್ಗೆ ಒಂದೇ ಮಾತು: ಬರೆಸಿಕೊಳ್ಳಿ. ಒಬ್ಬರು ಪ್ರೀತಿಯಿಂದ ಕೊಟ್ಟ ಗೋಡೆ ಗಡಿಯಾರವನ್ನು ನಾಲ್ಕು ವರ್ಷದ ನಂತರ ಅವರ ಮಗ ಬಂದು, “ಅಪ್ಪ ಇಡೋಕೆ ಕೊಟ್ಟಿದ್ದು, ಇಟ್ಟುಕೊಳ್ಳೋಕಲ್ಲ” ಅಂದರು. ನಮ್ಮ ಬಳಿ ಕಾಗದ ಇರಲಿಲ್ಲ. ಗಡಿಯಾರ ಹೋಯಿತು, ಗೋಡೆಯ ಮೊಳೆ ಉಳಿಯಿತು. ಈಗ ಸಹಿ ಹಾಕಿದ ಕೊಡುಗೆ ಪತ್ರವಿಲ್ಲದೆ ಏನನ್ನೂ ಒಳಗೆ ತರುವುದಿಲ್ಲ. ಐದನೇ ಹೊಲಿಗೆ ಯಂತ್ರ ಬಂದರೆ ಕೈ ಮುಗಿದು ಬೇಡ ಅನ್ನುತ್ತೇವೆ.

ಎಲ್ಲಕ್ಕಿಂತ ಹೆಚ್ಚು ಜನ ನಿಲ್ಲುವುದು ಫೋಟೋಗಳ ಗೋಡೆಯ ಮುಂದೆ. ನಮ್ಮಲ್ಲಿ ಹೆಸರಿಲ್ಲದ ಗುಂಪು ಫೋಟೋಗಳು ರಾಶಿ ಇವೆ. ಅವನ್ನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕಿ, ಮೇಲೊಂದು ಟ್ರೇಸಿಂಗ್ ಕಾಗದ ಇಳಿಬಿಟ್ಟಿದ್ದೇವೆ. ಗೊತ್ತಿರುವವರು ಮುಖದ ಮೇಲೆ ಹೆಸರು ಬರೆಯಬೇಕು, ಕೆಳಗೆ ತಮ್ಮ ಹೆಸರನ್ನೂ ಬರೆಯಬೇಕು. ಮಕ್ಕಳ ಕೆಲಸ ಸುಳಿವು ಹುಡುಕುವುದು: ಹಿಂದೆ ಕರೆಂಟ್ ಕಂಬ ಇದೆಯಾ, ಬೋರ್ಡಿನಲ್ಲಿ ಏನು ಬರೆದಿದೆ, ನೆರಳು ಯಾವ ಕಡೆ ಬಿದ್ದಿದೆ. ಭೂತಗನ್ನಡಿ ಕೊಟ್ಟರೆ ಅವರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಂದು ಫೋಟೋಗೆ ನಾವು ಅಂದಾಜಿಸಿದ್ದ ಕಾಲ ತಪ್ಪು ಅಂತ ಹಿಡಿದದ್ದು ಹತ್ತು ವರ್ಷದ ಹುಡುಗಿ. ಆಗ ಇನ್ನೂ ಕಟ್ಟಿರದಿದ್ದ ಕಟ್ಟಡವೊಂದರ ಮೂಲೆ ಹಿನ್ನೆಲೆಯಲ್ಲಿ ಕಾಣುತ್ತಿತ್ತು.

ಒಂದು ಶಾಲಾ ಫೋಟೋದಲ್ಲಿ ಮೂವತ್ತೊಂದು ಮುಖ. ಎರಡನೇ ಸಾಲಿನ ಬಲತುದಿಯ ಹುಡುಗನ ಬಗ್ಗೆ ಇಬ್ಬರು ಹಿರಿಯರ ನಡುವೆ ಜೋರು ವಾದ ಆಯಿತು. “ಇವನು ನನ್ನ ತಮ್ಮ, ನನಗೆ ಗೊತ್ತಿಲ್ವಾ?” ಅಂತ ಒಬ್ಬರು. “ನಿಮ್ಮ ತಮ್ಮ ಆ ವರ್ಷ ಶಾಲೆಗೇ ಸೇರಿರಲಿಲ್ಲ ಮಾರಾಯ್ರೇ” ಅಂತ ಇನ್ನೊಬ್ಬರು. ಮೊಮ್ಮಕ್ಕಳು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದರು. ತೀರ್ಪು ಕೊಡುವ ಕೆಲಸ ನನ್ನದಲ್ಲ ಅಂತ ಎರಡೂ ಹೆಸರನ್ನು ರಿಜಿಸ್ಟರಿಗೆ ಏರಿಸಿದೆ, ಯಾರು ಹೇಳಿದ್ದು, ಯಾವ ದಿನ ಅನ್ನುವುದರ ಸಮೇತ. ಆ ಇಬ್ಬರೂ ಈಗಲೂ ಬರುತ್ತಾರೆ, ಬೇರೆ ಬೇರೆ ದಿನ. ಬಂದಾಗಲೆಲ್ಲ ಟ್ರೇಸಿಂಗ್ ಕಾಗದ ಎತ್ತಿ, ತಾವು ಬರೆದ ಹೆಸರು ಹಾಗೇ ಇದೆಯಾ ಅಂತ ನೋಡಿ ಹೋಗುತ್ತಾರೆ.